ತೆರೆಮರೆಯ ಕೆಲಸಕ್ಕೂ ಒಂದು ಪದವಿ: ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಟೆಕ್ನಿಕಲ್ ಥಿಯೇಟರ್

ಅಮೆರಿಕದ ಯಾವುದಾದರೂ ಕಮ್ಯುನಿಟಿ ಕಾಲೇಜಿನ ಕ್ಯಾಟಲಾಗ್ ತೆರೆದು ಥಿಯೇಟರ್ ವಿಭಾಗಕ್ಕೆ ಹೋದರೆ ನಟನೆಯ ತರಗತಿಗಳ ಪಕ್ಕದಲ್ಲೇ ಸ್ಟೇಜ್‌ಕ್ರಾಫ್ಟ್, ಲೈಟಿಂಗ್, ಸೌಂಡ್, ವಸ್ತ್ರವಿನ್ಯಾಸ, ಸ್ಟೇಜ್ ಮ್ಯಾನೇಜ್‌ಮೆಂಟ್ ಎಂಬ ಹೆಸರುಗಳು ಸಿಗುತ್ತವೆ. ಇವೆಲ್ಲ ಸೇರಿದ್ದೇ ಟೆಕ್ನಿಕಲ್ ಥಿಯೇಟರ್. ನಟರು ಬಂದು ನಿಲ್ಲುವ ಮೊದಲು ರಂಗದ ಮೇಲೆ ಏನಾಗಬೇಕು, ಅವರು ಮಾತಾಡುತ್ತಿರುವಾಗ ಕತ್ತಲಲ್ಲಿ ಏನು ನಡೆಯುತ್ತಿರಬೇಕು, ಅವರು ಮನೆಗೆ ಹೋದ ಮೇಲೆ ಏನು ಬಿಚ್ಚಿಡಬೇಕು ಎಂಬುದೆಲ್ಲ ಇದರ ಪಾಲಿಗೆ ಬರುತ್ತದೆ.

ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಹೈಸ್ಕೂಲು ಮುಗಿಸಿದವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಕೆಲಸಕ್ಕೆ ಹೋಗುವವರು ಸಂಜೆಯ ಒಂದೇ ಒಂದು ತರಗತಿಗೂ ಸೇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಅಲ್ಲಿನ ನಿವಾಸಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ಪದವಿಗೆ ಬೇಕಾದ 60 ಯೂನಿಟ್‌ಗೆ ಒಟ್ಟು 2,760 ಡಾಲರ್. ರಾಜ್ಯದ ಹೊರಗಿನವರಿಗೂ ವಿದೇಶಿ ವಿದ್ಯಾರ್ಥಿಗಳಿಗೂ ಇದರ ಹಲವು ಪಟ್ಟು ಬೀಳುತ್ತದೆ. ಮುಂದಿನ ಲೆಕ್ಕಗಳೆಲ್ಲ ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯಗಳಲ್ಲಿ ದುಡ್ಡಿನ ಮೊತ್ತ ಬದಲಾಗುತ್ತದೆ, ಕೆಲಸದ ಸ್ವರೂಪ ಹೆಚ್ಚೇನೂ ಬದಲಾಗುವುದಿಲ್ಲ.

ಸೇರುವವರು ಮೊದಲು ತಿಳಿದಿರಬೇಕಾದದ್ದು ಯೂನಿಟ್ ಎಂದರೆ ಎಷ್ಟು ಗಂಟೆ ಎಂಬುದು. ಉಪನ್ಯಾಸದ ತರಗತಿಯಲ್ಲಿ ಒಂದು ಯೂನಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಮನೆಯಲ್ಲಿ ಎರಡು ಗಂಟೆ ಓದು. ಲ್ಯಾಬ್‌ನಲ್ಲಾದರೆ ಒಂದು ಯೂನಿಟ್‌ಗೆ ವಾರಕ್ಕೆ ಮೂರು ಗಂಟೆ ಅಲ್ಲೇ ನಿಂತು ಕೆಲಸ. ಒಂದು ಸೆಮಿಸ್ಟರಿಗೆ ಅದು 48ರಿಂದ 54 ಗಂಟೆ. ಟೆಕ್ನಿಕಲ್ ಥಿಯೇಟರ್‌ನ ಬಹುಪಾಲು ಲ್ಯಾಬ್. ಎರಡು ಯೂನಿಟ್‌ನ ಪ್ರೊಡಕ್ಷನ್ ಪ್ರಾಕ್ಟಿಕಮ್ (ಕಾಲೇಜಿನ ನಾಟಕಕ್ಕೇ ದುಡಿಯುವ ತರಗತಿ) ಕಾಗದದ ಮೇಲೆ ಹಗುರವಾಗಿ ಕಂಡರೂ ನೂರು ಗಂಟೆ ಕೇಳುತ್ತದೆ, ಅದರಲ್ಲೂ ಅರ್ಧಕ್ಕರ್ಧ ಪ್ರದರ್ಶನದ ಹಿಂದಿನ ಎರಡು ವಾರಗಳಲ್ಲಿ ಬಂದು ಬೀಳುತ್ತದೆ. ಅದೇ ಸೆಮಿಸ್ಟರಿನಲ್ಲಿ ಗಣಿತವನ್ನೂ ಇಂಗ್ಲಿಷನ್ನೂ ತುರುಕಿಕೊಂಡವರು ಬಿಡುವುದು ಸಾಮಾನ್ಯವಾಗಿ ಗಣಿತವನ್ನೇ.

ಮರದ ಕೆಲಸ

ಮೊದಲ ಸೆಮಿಸ್ಟರಿನ ಸ್ಟೇಜ್‌ಕ್ರಾಫ್ಟ್ ಬಡಗಿ ಕೆಲಸದಿಂದ ಶುರುವಾಗುತ್ತದೆ. ಎಲ್ಲರೂ ಮಾಡುವ ಮೊದಲ ವಸ್ತು ಫ್ಲ್ಯಾಟ್, ಅಂದರೆ ಗೋಡೆಯಂತೆ ಕಾಣುವ ಹಗುರ ಚೌಕಟ್ಟು. ಇದರಲ್ಲಿ ಎರಡು ಜಾತಿ. ಪಟ್ಟಿಗಳನ್ನು ಮಲಗಿಸಿ ಜೋಡಿಸಿ ಮೇಲೆ ಮಸ್ಲಿನ್ ಬಟ್ಟೆ ಎಳೆದು ಬಣ್ಣ ಬಳಿಯುವುದು ಬ್ರಾಡ್‌ವೇ ಫ್ಲ್ಯಾಟ್. ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಾಲು ಇಂಚಿನ ಪ್ಲೈವುಡ್ ಹೊಡೆಯುವುದು ಹಾಲಿವುಡ್ ಫ್ಲ್ಯಾಟ್. ಮೊದಲನೆಯದು ಹಗುರ, ಸಾಗಿಸಲು ಸಲೀಸು. ಎರಡನೆಯದು ಭಾರ, ಆದರೆ ಬಾಗಿಲು ದಢಾರನೆ ಹಾಕಿದರೆ ಗೋಡೆ ಅಲುಗುವುದಿಲ್ಲ.

ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಬ್ರಾಡ್‌ವೇ ಫ್ಲ್ಯಾಟ್ ತೆಗೆದುಕೊಳ್ಳಿ. ಬಳಸುವ ಮರಕ್ಕೆ ಅಂಗಡಿಯಲ್ಲಿ ‘ಒನ್ ಬೈ ತ್ರೀ’ ಎನ್ನುತ್ತಾರೆ, ಅಳೆದರೆ ಅದು ಮುಕ್ಕಾಲು ಇಂಚು ದಪ್ಪ, ಎರಡೂವರೆ ಇಂಚು ಅಗಲ. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿ ಪೂರ್ತಿ ನಾಲ್ಕು ಅಡಿ ಇರಬೇಕು. ಫ್ಲ್ಯಾಟನ್ನು ನೆಲದ ಮೇಲೆ ಜಾರಿಸುವಾಗ ಅಡ್ಡಪಟ್ಟಿಯ ಉದ್ದ ಅಂಚು ನೆಲಕ್ಕೆ ತಾಗಿದರೆ ಸರಾಗ. ಲಂಬಪಟ್ಟಿಯ ತುದಿ ತಾಗಿದರೆ ಮರ ಸಿಬಿರೆದ್ದು ಸೀಳುತ್ತದೆ. ಹಾಗಾಗಿ ಲಂಬಪಟ್ಟಿಗಳು ಎಂಟು ಅಡಿಯಲ್ಲಿ ಐದು ಇಂಚು ಕಡಿಮೆ, ಅಂದರೆ 7 ಅಡಿ 7 ಇಂಚು. ನಡುವಿನ ಅಡ್ಡಪಟ್ಟಿ 3 ಅಡಿ 7 ಇಂಚು. ಮರದ ಹೆಸರನ್ನೇ ನಂಬಿ ಮೂರು ಮೂರು ಇಂಚು ಕಳೆದವರ ಫ್ಲ್ಯಾಟ್ 7 ಅಡಿ 11 ಇಂಚಿಗೆ ನಿಲ್ಲುತ್ತದೆ, ಪಕ್ಕದ ಫ್ಲ್ಯಾಟಿನ ಜೊತೆ ತಲೆ ಕೂಡುವುದಿಲ್ಲ. ಪ್ರತಿ ವರ್ಷದ ಹೊಸ ತಂಡದಲ್ಲೂ ಇಂಥದ್ದು ಒಂದೆರಡು ಹುಟ್ಟುತ್ತವೆ.

ಮೂಲೆಗಳಿಗೆ ಕಾಲು ಇಂಚಿನ ಪ್ಲೈವುಡ್‌ನ ತ್ರಿಕೋನ ಬಿಲ್ಲೆಗಳನ್ನು ಹಿಂಬದಿಯಿಂದ ಹೊಡೆಯುತ್ತಾರೆ. ಬಿಲ್ಲೆಯ ಮರದ ಎಳೆ ಸಂದಿಗೆ ಅಡ್ಡವಾಗಿರಬೇಕು. ಎಳೆ ಸಂದಿಯ ಗುಂಟವೇ ಇದ್ದರೆ ಬಿಲ್ಲೆ ಅಲ್ಲೇ ಮುರಿಯುತ್ತದೆ. ಹೊರ ಅಂಚಿನಿಂದ ಮುಕ್ಕಾಲು ಇಂಚು ಒಳಗೆ ಸರಿಸಿ ಹೊಡೆಯುವುದಕ್ಕೂ ಕಾರಣ ಇದೆ. ಇನ್ನೊಂದು ಫ್ಲ್ಯಾಟನ್ನು ಮೂಲೆಗೆ ಕೂಡಿಸಿದಾಗ ಅದರ ದಪ್ಪ ಆ ಮುಕ್ಕಾಲು ಇಂಚಿನಲ್ಲಿ ಕೂರುತ್ತದೆ. ಹೊಡೆಯುವ ಮೊದಲು ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಬೇಕು. ಸಮ ಇದ್ದರೆ ಚೌಕಟ್ಟು ನೇರ, ಇಲ್ಲದಿದ್ದರೆ ಉದ್ದ ಇರುವ ಕರ್ಣದ ಮೂಲೆಯನ್ನು ಒಳಗೆ ತಟ್ಟಿ ಮತ್ತೆ ಅಳೆಯಬೇಕು.

ಮುಂದಿನದು ನಟರು ಹತ್ತಿ ನಿಲ್ಲುವ ಪ್ಲಾಟ್‌ಫಾರ್ಮ್: ‘ಟೂ ಬೈ ಫೋರ್’ ಮರದ ಚೌಕಟ್ಟು, ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್. ಚದರ ಅಡಿಗೆ 50 ಪೌಂಡ್ ಹೊರಬೇಕೆಂಬುದು ರೂಢಿಯ ಲೆಕ್ಕ. ನಾಲ್ಕು ಬೈ ಎಂಟರ ಒಂದು ಪ್ಲಾಟ್‌ಫಾರ್ಮ್‌ಗೆ ಅದು 1,600 ಪೌಂಡ್. ಇಲ್ಲಿ ತಪ್ಪುವುದು ಕಾಲುಗಳಲ್ಲಿ. ಕಾಲನ್ನು ಚೌಕಟ್ಟಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದರೆ ಭಾರವೆಲ್ಲ ಸ್ಕ್ರೂಗಳ ಮೇಲೆ. ನಾಲ್ಕು ಜನ ಒಟ್ಟಿಗೆ ಕುಣಿದರೆ ಅವು ತುಂಡಾಗುತ್ತವೆ. ಚೌಕಟ್ಟು ಕಾಲಿನ ತಲೆಯ ಮೇಲೇ ಕೂರಬೇಕು, ಬೋಲ್ಟ್ ಇರುವುದು ಕಾಲು ಜಾರದಂತೆ ಹಿಡಿಯಲಿಕ್ಕೆ ಮಾತ್ರ. ಎರಡು ಅಡಿಗಿಂತ ಎತ್ತರವಾದರೆ ಕಾಲುಗಳ ನಡುವೆ ಓರೆಪಟ್ಟಿ ಕಡ್ಡಾಯ.

ಮೇಲೆ ತೂಗುವ ಭಾರ

ಇಡೀ ಓದಿನಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲ ಪಾಠ ಫ್ಲೈ ಸಿಸ್ಟಮ್, ಅಂದರೆ ಪರದೆ, ದೀಪಗಳನ್ನು ಹಗ್ಗ ಎಳೆದು ಏರಿಸಿ ಇಳಿಸುವ ವ್ಯವಸ್ಥೆ. ಪುಸ್ತಕ ಓದಿ ಇದನ್ನು ಕಲಿಯಲಾಗದು. ಕಮ್ಯುನಿಟಿ ಕಾಲೇಜಿಗೆ ಹೋಗುವುದಕ್ಕೆ ಇದೊಂದೇ ಕಾರಣ ಸಾಕು ಎಂದರೂ ಅತಿಶಯವಲ್ಲ, ಏಕೆಂದರೆ ನಾಲ್ಕು ವರ್ಷದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದವರ ಕೈಗೆ ಆ ಹಗ್ಗ ಎಷ್ಟೋ ಸಲ ಸಿಗುವುದೇ ಇಲ್ಲ.

ರಂಗದ ಮೇಲೆ ಅಡ್ಡಕ್ಕೆ ತೂಗುವ ಒಂದೂವರೆ ಇಂಚಿನ ಕಬ್ಬಿಣದ ಪೈಪು ಬ್ಯಾಟನ್. ಪರದೆ, ದೀಪ, ಬಣ್ಣದ ಗೋಡೆ ಎಲ್ಲ ಇದಕ್ಕೇ ಕಟ್ಟುವುದು. ಬ್ಯಾಟನ್‌ನಿಂದ ಉಕ್ಕಿನ ತಂತಿಹಗ್ಗಗಳು ಚಾವಣಿಯ ರಾಟೆಗಳಿಗೆ ಹೋಗಿ, ಅಲ್ಲಿಂದ ಪಕ್ಕದ ಗೋಡೆಯ ಕಡೆ ತಿರುಗಿ, ಆರ್ಬರ್ ಎಂಬ ಉದ್ದನೆಯ ತೊಟ್ಟಿಲಿಗೆ ಸೇರುತ್ತವೆ. ಆ ತೊಟ್ಟಿಲಲ್ಲಿ ಇಟ್ಟಿಗೆಯಾಕಾರದ ಕಬ್ಬಿಣದ ತೂಕಗಳು. ಬ್ಯಾಟನ್ ಇಳಿದಾಗ ಆರ್ಬರ್ ಏರುತ್ತದೆ, ಬ್ಯಾಟನ್ ಏರಿದಾಗ ಆರ್ಬರ್ ಇಳಿಯುತ್ತದೆ. ಎರಡೂ ಕಡೆ ಸಮತೂಕ ಇದ್ದರೆ 300 ಪೌಂಡಿನ ಗೋಡೆಯನ್ನು ಒಬ್ಬರೇ ಕೈಹಗ್ಗ ಎಳೆದು ಮೇಲಕ್ಕೆ ಕಳಿಸಬಹುದು. 40 ಅಡಿಯ ಖಾಲಿ ಪೈಪೇ ಸುಮಾರು 110 ಪೌಂಡ್ ತೂಗುತ್ತದೆ. ಅದಕ್ಕೆ ಸಮನಾದ ತೂಕ ಆರ್ಬರ್‌ನಲ್ಲಿ ಕಾಯಂ. ಯಾರೂ ತೆಗೆಯದಿರಲೆಂದು ಅದಕ್ಕೆ ಎದ್ದು ಕಾಣುವ ಬಣ್ಣ ಬಳಿದಿರುತ್ತಾರೆ.

ನಿಯಮ ಇಷ್ಟೆ. ಕಟ್ಟುವಾಗ ಮೊದಲು ಬ್ಯಾಟನ್‌ಗೆ ಸಾಮಾನು, ಆಮೇಲೆ ಆರ್ಬರ್‌ಗೆ ತೂಕ. ಬಿಚ್ಚುವಾಗ ಮೊದಲು ಆರ್ಬರ್‌ನ ತೂಕ, ಆಮೇಲೆ ಬ್ಯಾಟನ್‌ನ ಸಾಮಾನು. ಕಾರಣ ತಿಳಿದರೆ ಇದನ್ನು ಉರು ಹೊಡೆಯಬೇಕಿಲ್ಲ. ಕಟ್ಟುವಾಗಲೂ ಬಿಚ್ಚುವಾಗಲೂ ಬ್ಯಾಟನ್ ಕೆಳಗೆ ಕೈಗೆಟಕುವ ಎತ್ತರದಲ್ಲಿರುತ್ತದೆ, ಆರ್ಬರ್ ತುತ್ತತುದಿಯಲ್ಲಿ. ಆ ಹೊತ್ತಿನಲ್ಲಿ ಬ್ಯಾಟನ್ ಕಡೆ ಭಾರ ಹೆಚ್ಚಿದ್ದರೆ ತೊಂದರೆಯಿಲ್ಲ, ಅದು ಇಳಿಯುವಷ್ಟು ಇಳಿದಾಗಿದೆ. ಆರ್ಬರ್ ಕಡೆ ಭಾರ ಹೆಚ್ಚಿದರೆ ಮಾತ್ರ ಅದಕ್ಕೆ ಬೀಳಲು ಇಡೀ ಕಟ್ಟಡದ ಎತ್ತರ ಇದೆ. ಬಿಚ್ಚುವಾಗ ಅವಸರದಲ್ಲಿ ಮೊದಲು ಪರದೆ ಬಿಚ್ಚಿದರೆ ಸಮತೂಕ ತಪ್ಪಿ ಆರ್ಬರ್ ನುಗ್ಗುತ್ತದೆ, ಬ್ಯಾಟನ್ ಚಾವಣಿಗೆ ಹಾರಿ ಬಡಿಯುತ್ತದೆ, ತೂಕಗಳು ಸಿಡಿಯುತ್ತವೆ. ಆಗ ಹಗ್ಗ ಹಿಡಿದು ನಿಲ್ಲಿಸಲು ಹೋಗಬಾರದು. ಕೂಗಿ ಎಲ್ಲರನ್ನೂ ಎಚ್ಚರಿಸಿ ದೂರ ಓಡಬೇಕು.

ಹಗ್ಗದ ಬುಡದಲ್ಲಿ ರೋಪ್ ಲಾಕ್ ಎಂಬ ಸನ್ನೆ ಇರುತ್ತದೆ. ಹೊಸಬರು ಅದನ್ನು ಬ್ರೇಕ್ ಎಂದು ತಿಳಿಯುತ್ತಾರೆ. ಅದು ಹಿಡಿಯುವುದು ಹೆಚ್ಚೆಂದರೆ 50 ಪೌಂಡಿನ ವ್ಯತ್ಯಾಸ. ಲಾಕ್ ಬಿಚ್ಚುವ ಮೊದಲು ಕೈಹಗ್ಗದ ಮುಂದಿನ, ಹಿಂದಿನ ಎರಡೂ ಎಳೆಗಳನ್ನು ಒಟ್ಟಿಗೆ ಬಿಗಿಯಾಗಿ ಹಿಡಿದು ಯಾವ ಕಡೆ ಜಗ್ಗುತ್ತಿದೆ ಎಂದು ಕೈಯಿಂದ ತಿಳಿಯಬೇಕು. ಮೇಲೆ ಆರ್ಬರ್‌ಗೆ ಕೈಯೆಟಕುವ ಗ್ಯಾಲರಿಯಲ್ಲಿ ತೂಕ ಹೇರುತ್ತಿರುವಾಗ ಕೆಳಗೆ ಯಾರೂ ನಿಲ್ಲುವಂತಿಲ್ಲ. ಹೇರುವವರ ಜೇಬಿನಲ್ಲಿ ಫೋನೂ ಇರುವಂತಿಲ್ಲ, ಬೀಗದ ಕೈಯೂ ಇರುವಂತಿಲ್ಲ.

ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ಲೇಪ, ಹೊರಬಾಗಿಲಿನ ದಾರಿ ಖಾಲಿ ಬಿಡುವುದು, ಇವೂ ಇದೇ ಪಾಠದಲ್ಲಿ ಬರುತ್ತವೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ಥಿಯೇಟರಿನಲ್ಲಿ ಆರ್ಕ್ ದೀಪದಿಂದ ಪರದೆಗೆ ಬೆಂಕಿ ಹತ್ತಿತು. ಬೆಂಕಿ ತಡೆಯುವ ತೆರೆ ಇಳಿಯದೆ ನಡುವೆ ಸಿಕ್ಕಿಕೊಂಡಿತು, 600ರಷ್ಟು ಜನ ಸತ್ತರು. ಅಮೆರಿಕದ ರಂಗಮಂದಿರಗಳ ಕಟ್ಟುನಿಟ್ಟಿನ ಬೆಂಕಿ ನಿಯಮಗಳ ಹಿಂದೆ ಆ ದುರಂತ ಇದೆ.

ಬೆಳಕಿನ ಲೆಕ್ಕ

ಲೈಟಿಂಗ್ ತರಗತಿಗೆ ಬರುವವರು ಬಣ್ಣದ ಕನಸು ಹೊತ್ತು ಬರುತ್ತಾರೆ. ಮೊದಲ ವಾರ ಕಲಿಯುವುದು ಗುಣಾಕಾರ. ಅಲ್ಲಿನ ವಿದ್ಯುತ್ 120 ವೋಲ್ಟ್, ದೀಪದ ಬೆಳಕನ್ನು ಏರಿಸಿ ಇಳಿಸುವ ಮಾಮೂಲಿ ಡಿಮ್ಮರ್ 20 ಆಂಪಿಯರ್, ಗುಣಿಸಿದರೆ 2,400 ವ್ಯಾಟ್. 1992ರಲ್ಲಿ ಬಂದ ಇಟಿಸಿ ಕಂಪನಿಯ ಸೋರ್ಸ್ ಫೋರ್ ದೀಪ ಬಹಳಷ್ಟು ಕಾಲೇಜುಗಳಲ್ಲಿ ಇದೆ. ಅದರ ಬಲ್ಬು 575 ವ್ಯಾಟಿನದಾದರೆ ಒಂದು ಡಿಮ್ಮರಿಗೆ ನಾಲ್ಕು ದೀಪ, ಒಟ್ಟು 2,300. ಯಾರೋ ಹಿಂದಿನ ಪ್ರದರ್ಶನಕ್ಕೆ 750 ವ್ಯಾಟಿನ ಬಲ್ಬು ಹಾಕಿ ಹಾಗೇ ಬಿಟ್ಟಿದ್ದರೆ ನಾಲ್ಕಕ್ಕೆ 3,000 ವ್ಯಾಟ್, 25 ಆಂಪಿಯರ್. ತಾಲೀಮಿನಲ್ಲಿ ಅರ್ಧ ಬೆಳಕಿನಲ್ಲಿ ಸುಮ್ಮನಿದ್ದದ್ದು ಪ್ರದರ್ಶನದ ದಿನ ಪೂರ್ತಿ ಬೆಳಕು ಕೇಳಿದ ಗಳಿಗೆಯಲ್ಲಿ ಬ್ರೇಕರ್ ಬೀಳಿಸಿಬಿಡುತ್ತದೆ. ನಮ್ಮಲ್ಲಿ 230 ವೋಲ್ಟ್ ಇರುವುದರಿಂದ ಅದೇ 575 ವ್ಯಾಟಿಗೆ ಎರಡೂವರೆ ಆಂಪಿಯರ್ ಸಾಕು, ಅಲ್ಲಿ 4.8 ಬೇಕು. ಬೆಂಗಳೂರಿನಲ್ಲಿ ಕಲಿತ ಅಂದಾಜು ಅಲ್ಲಿ ಕೈಕೊಡುವುದು ಇದಕ್ಕೇ.

ಆಮೇಲೆ ಬರುವುದು ಬೆಳಕಿನ ವ್ಯಾಸ. 26 ಡಿಗ್ರಿಯ ದೀಪ ಎಸೆಯುವ ಬೆಳಕಿನ ಅಗಲ ದೂರದ 0.46 ಪಾಲು. 24 ಅಡಿ ದೂರದಿಂದ 11 ಅಡಿಯ ವೃತ್ತ ಬೀಳುತ್ತದೆ. 36 ಡಿಗ್ರಿಯದಾದರೆ 15 ಅಡಿಗೂ ಮೇಲೆ. ರಂಗ 30 ಅಡಿ ಅಗಲ, 20 ಅಡಿ ಆಳ ಇದ್ದರೆ ಅಗಲಕ್ಕೆ ಮೂರು, ಆಳಕ್ಕೆ ಎರಡು ಎಂದು ಆರು ಪ್ರದೇಶ ಮಾಡುತ್ತಾರೆ. ಯೇಲ್‌ನಲ್ಲಿ ಕಲಿಸುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ರೂಪಿಸಿದ ವಿಧಾನದಂತೆ ಪ್ರತಿ ಪ್ರದೇಶಕ್ಕೆ ಎಡದಿಂದ ಒಂದು, ಬಲದಿಂದ ಒಂದು, 45 ಡಿಗ್ರಿ ಓರೆಯಲ್ಲಿ, ಒಂದಕ್ಕೆ ಬೆಚ್ಚನೆ ಬಣ್ಣ, ಇನ್ನೊಂದಕ್ಕೆ ತಣ್ಣನೆಯದು. ಒಟ್ಟು 12 ದೀಪ, 6,900 ವ್ಯಾಟ್. ಮೂರು ಡಿಮ್ಮರಿಗೆ ಹಿಡಿಸುತ್ತದಲ್ಲ ಎಂದು ನಾಲ್ಕು ನಾಲ್ಕನ್ನು ಒಟ್ಟಿಗೆ ಸೇರಿಸಿದರೆ ಮೂಲೆಯಲ್ಲಿ ಕೂತ ಒಬ್ಬನೇ ನಟನಿಗೆ ಬೆಳಕು ಕೊಡುವ ದಾರಿ ಹೋಯಿತು. ವಿದ್ಯುತ್ತಿಗೆ ಮೂರು ಸಾಕು, ನಾಟಕಕ್ಕೆ 12 ಬೇಕು. ವಿನ್ಯಾಸಕಾರರ ಹೊತ್ತೆಲ್ಲ ಈ ಎರಡು ಸಂಖ್ಯೆಗಳ ನಡುವಿನ ಚೌಕಾಶಿಯಲ್ಲಿ ಕಳೆಯುತ್ತದೆ.

ದೀಪ ಕಟ್ಟುವಾಗ ಕ್ಲ್ಯಾಂಪ್ ಬೋಲ್ಟ್ ಬಿಗಿದ ಕೂಡಲೇ ಸೇಫ್ಟಿ ಕೇಬಲ್ ಹಾಕಬೇಕು. ಸ್ಪ್ಯಾನರ್‌ಗೆ ದಾರ ಕಟ್ಟಿ ಸೊಂಟಕ್ಕೆ ಬಿಗಿದಿರಬೇಕು. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಿದರೆ ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಎಲ್‌ಇಡಿ ದೀಪಗಳ ಗೋಳು ಬೇರೆ. ಅವನ್ನು ಡಿಮ್ಮರಿಗೆ ಸಿಕ್ಕಿಸಬಾರದು, ಒಳಗಿನ ಎಲೆಕ್ಟ್ರಾನಿಕ್ಸ್ ಸುಡುತ್ತದೆ. ಅವಕ್ಕೆ ನೇರ ವಿದ್ಯುತ್ತು ಕೊಟ್ಟು ಡಿಎಂಎಕ್ಸ್ 512 ಎಂಬ ಸಂಕೇತದ ತಂತಿಯಿಂದ ಆಳಬೇಕು. ಒಂದು ಸಾಲಿನಲ್ಲಿ 512 ಚಾನೆಲ್ (ದೀಪದ ಕೆಂಪು, ಹಸಿರು ಇಂಥ ಒಂದೊಂದು ಗುಣಕ್ಕೆ ಒಂದೊಂದು), ಒಂದು ತಂತಿಗೆ 32 ಉಪಕರಣ, ಕೊನೆಯಲ್ಲಿ 120 ಓಮ್‌ನ ಟರ್ಮಿನೇಟರ್. ಅದಿಲ್ಲದಿದ್ದರೆ ಸಂಕೇತ ವಾಪಸು ಚಿಮ್ಮಿ ದೀಪಗಳು ತಮ್ಮಷ್ಟಕ್ಕೆ ಮಿಣುಕುತ್ತವೆ. ಕೆಂಪು ಕೇಳಿದಾಗ ಹಸಿರು ಬಂದರೆ ದೀಪ ಕೆಟ್ಟಿದೆ ಎಂದು ಬಿಚ್ಚಬೇಡಿ. ದೀಪದಲ್ಲಿ ಹತ್ತು ಚಾನೆಲ್‌ನ ಮೋಡ್, ದೀಪಗಳನ್ನು ಆಳುವ ಕನ್ಸೋಲ್‌ನಲ್ಲಿ ಎಂಟರದ್ದು ಇರುತ್ತದೆ, ಅಷ್ಟೇ.

ಧ್ವನಿ, ಉಡುಪು, ಬಣ್ಣಗಾರಿಕೆಗೂ ಇಂಥವೇ ಒಂದೊಂದು ತರಗತಿ ಇವೆ. ಉಡುಪಿನ ವಿಭಾಗಕ್ಕೆ ಹೊಲಿಗೆ ಬಲ್ಲವರು ಬಂದರೆ ಮೊದಲ ದಿನದಿಂದಲೇ ಕೈತುಂಬ ಕೆಲಸ.

ಟೆಕ್ ವಾರ

ಇವೆಲ್ಲ ಒಂದೆಡೆ ಸೇರುವುದು ಪ್ರದರ್ಶನದ ಹಿಂದಿನ ವಾರ. ಅಲ್ಲಿ ಯಜಮಾನಿಕೆ ಸ್ಟೇಜ್ ಮ್ಯಾನೇಜರ್‌ದು. ಮೊದಲು ನಿರ್ದೇಶಕರೂ ವಿನ್ಯಾಸಕಾರರೂ ಮೇಜಿನ ಸುತ್ತ ಕೂತು ಪ್ರತಿ ಕ್ಯೂ (ಬೆಳಕು, ಧ್ವನಿ ಬದಲಿಸುವ ಸೂಚನೆ) ಯಾವ ಮಾತಿನ ಮೇಲೆ ಬೀಳಬೇಕೆಂದು ಪ್ರಾಂಪ್ಟ್ ಬುಕ್ಕಿನಲ್ಲಿ, ಅಂದರೆ ನಾಟಕದ ಮಾತೆಲ್ಲ ಇರುವ ಪುಸ್ತಕದಲ್ಲಿ, ಬರೆಯುತ್ತಾರೆ. ಆಮೇಲೆ ನಟರಿಲ್ಲದೆ ಒಂದು ಸುತ್ತು. ಆಮೇಲೆ ನಟರ ಜೊತೆ, ನಡುವಿನ ಸಂಭಾಷಣೆ ಹಾರಿಸಿ, ಕ್ಯೂನಿಂದ ಕ್ಯೂಗೆ. ಹೆಡ್‌ಸೆಟ್‌ನಲ್ಲಿ ‘ಸ್ಟ್ಯಾಂಡ್‌ಬೈ ಲೈಟ್ಸ್ 24, ಸೌಂಡ್ 11’ ಎಂದಾಗ ಆಯಾ ಆಪರೇಟರ್ ಉತ್ತರ ಕೊಡಬೇಕು. ‘ಗೋ’ ಎಂದ ಗಳಿಗೆಯಲ್ಲಿ ಬೆರಳು ಒತ್ತಬೇಕು, ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಹಾಗಾಗಿ ಹೆಡ್‌ಸೆಟ್ ಮೇಲೆ ಬೇರೆ ಯಾವ ಮಾತಿಗೂ ಯಾರೂ ‘ಗೋ’ ಎನ್ನುವುದಿಲ್ಲ. ಊಟಕ್ಕೆ ಹೋಗೋಣವೇ ಎಂದು ಕೇಳುವಾಗ ಆ ಪದ ಬಾಯಿಗೆ ಬಂದರೆ ರಂಗದ ಮೇಲಿನ ಅರಮನೆ ಕತ್ತಲಾದೀತು. 24ಕ್ಕೂ 25ಕ್ಕೂ ನಡುವೆ ಹೊಸ ಕ್ಯೂ ಬೇಕಾದರೆ 24.5 ಎಂದು ಸೇರಿಸುತ್ತಾರೆ. ಮುಂದಿನ ಸಂಖ್ಯೆಗಳನ್ನೆಲ್ಲ ತಿದ್ದಲು ಹೊರಟರೆ ಪುಸ್ತಕವೇ ಗೊಂದಲ.

ಯಾವ ದಾರಿ, ಯಾವ ಕಾಗದ

ಕೊನೆಗೆ ಕೈಗೆ ಬರುವ ಕಾಗದ ಎರಡು ಬಗೆ. ಸರ್ಟಿಫಿಕೇಟ್‌ನಲ್ಲಿ ವೃತ್ತಿಯ ತರಗತಿಗಳು ಮಾತ್ರ, ಯೂನಿಟ್ ಕಡಿಮೆ, ಬೇಗ ಕೆಲಸಕ್ಕೆ ಹೋಗುವವರಿಗೆ. ಅಸೋಸಿಯೇಟ್ ಪದವಿ 60 ಯೂನಿಟ್, ಗಣಿತ, ಬರವಣಿಗೆ, ಸಮಾಜವಿಜ್ಞಾನ ಸೇರಿ. ವರ್ಗಾವಣೆಗೆಂದೇ ಇರುವ ಥಿಯೇಟರ್ ಪದವಿ ಪಡೆದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಒಂದಲ್ಲ ಒಂದು ಕ್ಯಾಂಪಸ್ಸಿನಲ್ಲಿ ಮೂರನೇ ವರ್ಷಕ್ಕೆ ಜಾಗ ಖಾತ್ರಿ. ಬೇಕಾದ ಕ್ಯಾಂಪಸ್ಸೇ ಸಿಗುತ್ತದೆಂಬ ಭರವಸೆ ಇಲ್ಲ. ಮಕ್ಕಳು ಎಡವುವುದು ಇಲ್ಲೇ: ವರ್ಕ್‌ಶಾಪಿನ ರುಚಿ ಹತ್ತಿ ಪ್ರತಿ ಸೆಮಿಸ್ಟರೂ ಪ್ರಾಕ್ಟಿಕಮ್ ತೆಗೆದುಕೊಂಡು, ಗಣಿತವನ್ನು ಕೊನೆಗೆ ತಳ್ಳಿ, 70 ಯೂನಿಟ್ ಆದರೂ ಪದವಿ ಇಲ್ಲದೆ ಕೂರುತ್ತಾರೆ. ಮೊದಲ ಸೆಮಿಸ್ಟರಿನಲ್ಲೇ ಕೌನ್ಸೆಲರ್ ಬಳಿ ಕೂತು ನಾಲ್ಕೂ ಸೆಮಿಸ್ಟರಿನ ಪಟ್ಟಿ ಬರೆಸಿಕೊಳ್ಳುವುದು ಒಳ್ಳೆಯದು.

ಸಾಂತಾ ಮರಿಯಾದ ಆಲನ್ ಹ್ಯಾನ್‌ಕಾಕ್ ಕಾಲೇಜಿನದು ಬೇರೆಯದೇ ಮಾದರಿ. 1964ರಲ್ಲಿ ಶುರುವಾದ ಪಿಸಿಪಿಎ ಎಂಬ ವೃತ್ತಿಪರ ನಾಟಕ ಕಂಪನಿ ಆ ಕಾಲೇಜಿನೊಳಗೇ ಇದೆ. ತಾಂತ್ರಿಕ ವಿಭಾಗದ ವಿದ್ಯಾರ್ಥಿಗಳು ಎರಡು ವರ್ಷ ವೃತ್ತಿನಿರತರ ಪಕ್ಕದಲ್ಲೇ ಕೆಲಸ ಮಾಡುತ್ತಾರೆ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಸುತ್ತಿರುವ ವಸತಿ ಶಿಕ್ಷಣ ಬಲ್ಲವರಿಗೆ ಇದರ ಜಾಡು ಪರಿಚಿತ ಅನ್ನಿಸೀತು. ಆದರೆ ಹೆಗ್ಗೋಡಿನಲ್ಲಿ ಒಬ್ಬರೇ ಎಲ್ಲವನ್ನೂ ಕಲಿಯುತ್ತಾರೆ, ಪಿಸಿಪಿಎಯಲ್ಲಿ ಬೇಗ ಒಂದು ಕವಲು ಹಿಡಿಯಬೇಕು.

ಕೆಲಸದ ವಿಷಯಕ್ಕೆ ಬಂದರೆ, ರಂಗ ಮತ್ತು ಸಿನಿಮಾ ಕಾರ್ಮಿಕರ ಸಂಘ ಐಯಾಟ್ಸಿ 1893ರಿಂದ ಇದೆ. ಸದಸ್ಯರು ಸಾಲದಾದಾಗ ಸ್ಥಳೀಯ ಶಾಖೆಗಳು ಹೊರಗಿನವರನ್ನು ದಿನಗೂಲಿಗೆ ಕರೆಯುತ್ತವೆ, ಬಹಳ ಜನ ಒಳಗೆ ಹೋಗುವುದು ಆ ಬಾಗಿಲಿನಿಂದಲೇ. ಥೀಮ್ ಪಾರ್ಕು, ಚರ್ಚು, ಹಡಗು, ಕಂಪನಿಗಳ ಸಮ್ಮೇಳನ, ಶಾಲೆಯ ಸಭಾಂಗಣ ಎಲ್ಲ ಕಡೆಯೂ ಕೆಲಸ ಇದೆ. ಹೆಚ್ಚಿನದು ತುಂಡು ತುಂಡು ಕೆಲಸ, ತಿಂಗಳ ಸಂಬಳವಲ್ಲ.

ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಬರುವವರು ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಬೇಕು. ಪಾಠದ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಓದು ಮುಗಿದ ಮೇಲೆ ಒಂದು ವರ್ಷದ ಕೆಲಸದ ಅನುಮತಿ ಸಿಗಬಹುದು, ಎಂಜಿನಿಯರಿಂಗ್‌ನವರಿಗೆ ಸಿಗುವ ಹೆಚ್ಚಿನ ಎರಡು ವರ್ಷವನ್ನು ಈ ಓದಿಗೆ ನೆಚ್ಚಿಕೊಳ್ಳುವಂತಿಲ್ಲ. ಊರಿಂದ ಇದಕ್ಕೆಂದೇ ಹೊರಡುವವರು ಈ ಲೆಕ್ಕ ಹಾಕಿಯೇ ಹೊರಡಬೇಕು. ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಈಗಾಗಲೇ ಅಲ್ಲಿರುವವರ ಸ್ಥಿತಿ ಹಗುರ. ಅವರು ಒಂದೇ ತರಗತಿಗೂ ಸೇರಬಹುದು. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿದ್ದರೆ ನಿವಾಸಿ ಶುಲ್ಕ ಸಿಗುತ್ತದೆಯೇ ಎಂದು ಅಡ್ಮಿಷನ್ಸ್ ಕಚೇರಿಯಲ್ಲಿ ಕೇಳಬೇಕು. ಕನ್ನಡ ಕೂಟದ ನಾಟಕಗಳಿಗೆ ಹೈಸ್ಕೂಲು ಸಭಾಂಗಣ ಬಾಡಿಗೆ ಹಿಡಿಯುವವರಲ್ಲಿ ಒಬ್ಬರಾದರೂ ಸಂಜೆಯ ಒಂದು ಲೈಟಿಂಗ್ ತರಗತಿ ಮುಗಿಸಿದ್ದರೆ ಅಲ್ಲಿನ ಟೆಕ್ನಿಷಿಯನ್ ಜೊತೆ ಅವರದೇ ಭಾಷೆಯಲ್ಲಿ ಮಾತಾಡಬಹುದು.

ಕಾಲೇಜು ಆರಿಸುವಾಗ ಕ್ಯಾಟಲಾಗ್ ನಂಬಬೇಡಿ, ಹೋಗಿ ನೋಡಿ. ವರ್ಷಕ್ಕೆ ಎಷ್ಟು ನಾಟಕ ಆಡುತ್ತಾರೆ? ಫ್ಲೈ ಸಿಸ್ಟಮ್ ಇದೆಯೇ, ಅದರ ಹಗ್ಗವನ್ನು ವಿದ್ಯಾರ್ಥಿಗಳು ಎಳೆಯುತ್ತಾರೆಯೇ? ಕಳೆದ ನಾಟಕದ ಬೆಳಕು ವಿನ್ಯಾಸ ಮಾಡಿದ್ದು ಅಧ್ಯಾಪಕರೋ ವಿದ್ಯಾರ್ಥಿಯೋ? ವರ್ಕ್‌ಶಾಪಿನ ಗರಗಸಕ್ಕೆ ಕವಚ ಇದೆಯೇ, ನೆಲ ಗುಡಿಸಿದೆಯೇ? ಕ್ಯಾಟಲಾಗ್‌ನಲ್ಲಿರುವ ಎರಡನೇ ಹಂತದ ಲೈಟಿಂಗ್ ತರಗತಿ ಹಿಂದಿನ ನಾಲ್ಕು ಸೆಮಿಸ್ಟರ್‌ಗಳಲ್ಲಿ ನಿಜವಾಗಿ ಎಷ್ಟು ಸಲ ನಡೆದಿದೆ ಎಂದೂ ಕೇಳಿ. ವಿದ್ಯಾರ್ಥಿಗಳು ಸಾಲದೆ ರದ್ದಾಗುವುದು ಮೊದಲು ಅದೇ, ಅದಿಲ್ಲದೆ ಸರ್ಟಿಫಿಕೇಟ್ ಪೂರ್ತಿಯಾಗದ ಕಾಲೇಜುಗಳಲ್ಲಿ ಒಂದು ವರ್ಷ ಸುಮ್ಮನೆ ಕಾಯಬೇಕಾಗುತ್ತದೆ.